ಬೆಂಕಿ ಬಿದ್ದ ಗುಡ್ಡದ ಆರೈಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಓದುಗರಿಂದ ಈ ಬಾರಿ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಬೇಸಿಗೆಯಲ್ಲಿ ಸುಟ್ಟ ಗುಡ್ಡ, ಕಾಡು, ಹುಲ್ಲುಗಾವಲು ಹಾಗೂ ಅವುಗಳ ನಡುವೆ ಹಾದುಹೋಗುವ ಕಾಲುದಾರಿಗಳ ಕುರಿತೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಐದನ್ನು ಆರಿಸಿಕೊಂಡು ಉತ್ತರಿಸಿದ್ದೇನೆ. ಮಳೆಗಾಲಕ್ಕೆ ಮುನ್ನ ಮುಗಿಸಬೇಕಾದ ಕೆಲಸಕ್ಕೆ ಉಳಿದಿರುವ ಸಮಯ ಕಡಿಮೆಯಾದ್ದರಿಂದ ಮೊದಲ ಪ್ರಶ್ನೆಗೆ ಹೆಚ್ಚು ಜಾಗ ಕೊಡಲಾಗಿದೆ.

ಚಿಂಚೋಳಿ ತಾಲ್ಲೂಕಿನ ಪ್ರೌಢಶಾಲಾ ಶಿಕ್ಷಕರೊಬ್ಬರ ಪ್ರಶ್ನೆ: ನಮ್ಮ ಶಾಲೆಯ ಪರಿಸರ ಸಂಘದ ಮಕ್ಕಳನ್ನು ವರ್ಷವೂ ಕರೆದೊಯ್ಯುವ ಕಾಡಿನ ಕಾಲುದಾರಿಯ ಎರಡೂ ಬದಿ ಮಾರ್ಚ್ ತಿಂಗಳಲ್ಲಿ ಸುಟ್ಟುಹೋಗಿದೆ. ಜೂನ್ ಮೊದಲ ವಾರದಲ್ಲಿ ಮಕ್ಕಳಿಂದ ಬೀಜದುಂಡೆ ಎಸೆಯಿಸಿ, ಸಸಿ ನೆಡಿಸಿ, ದಾರಿಯನ್ನೂ ಸರಿಪಡಿಸಬೇಕೆಂದಿದ್ದೇವೆ. ಯಾವುದರಿಂದ ಆರಂಭಿಸಬೇಕು?

ಉತ್ತರ: ಮೊದಲು ಅನುಮತಿ ಪಡೆಯಿರಿ. ಚಿಂಚೋಳಿ ಕಾಡು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾಗಿದ್ದು, ಅದರ ವಿಸ್ತೀರ್ಣ 134.88 ಚದರ ಕಿಲೋಮೀಟರ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಜೀವಿಧಾಮವನ್ನು ಪ್ರವೇಶಿಸುವುದಕ್ಕೇ ಇಲಾಖೆಯ ಒಪ್ಪಿಗೆ ಬೇಕು; ಅಲ್ಲಿ ಗುದ್ದಲಿ ಹಿಡಿಯುವುದಕ್ಕಂತೂ ಬೇಕೇ ಬೇಕು. ಶಾಲೆಯ ಪರವಾಗಿ ವಲಯ ಅರಣ್ಯಾಧಿಕಾರಿಗಳಿಗೆ ಲಿಖಿತ ಮನವಿ ಕೊಡಿ. ಕೆಲಸ ನಡೆಯುವ ದಿನ ಇಲಾಖೆಯ ಸಿಬ್ಬಂದಿ ಜೊತೆಯಲ್ಲಿರಬೇಕೆಂದು ಅದರಲ್ಲಿಯೇ ಕೋರಿಕೊಳ್ಳಿ. ತಮ್ಮ ಕಾಲುದಾರಿ ವನ್ಯಜೀವಿಧಾಮದ ಹೊರಗಿನ ಕಂದಾಯ ಭೂಮಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯನ್ನೂ ಕೇಳಬೇಕಾಗುತ್ತದೆ.

ತಾವು ಹೇಳಿದ ಮೂರು ಕೆಲಸಗಳಲ್ಲಿ ದಾರಿಯ ದುರಸ್ತಿಯನ್ನು ಮೊದಲು ಮಾಡಿ, ಸಸಿ ನೆಡುವುದನ್ನು ಮುಂದಿನ ವರ್ಷಕ್ಕೆ ಇಡಿ, ಬೀಜದುಂಡೆಯನ್ನು ಕೈಬಿಡಿ ಎಂಬುದು ನನ್ನ ಸಲಹೆ. ಮಕ್ಕಳ ಉತ್ಸಾಹಕ್ಕೆ ಇದು ತಣ್ಣೀರೆರಚಿದಂತೆ ಕಾಣಬಹುದಾದ್ದರಿಂದ ಕಾರಣಗಳನ್ನು ವಿವರವಾಗಿಯೇ ಹೇಳುತ್ತೇನೆ.

ನಮ್ಮ ಭಾಗದ ಎಲೆ ಉದುರುವ ಒಣ ಕಾಡಿನಲ್ಲಿ ಹಬ್ಬುವುದು ಬಹುತೇಕ ನೆಲಬೆಂಕಿ. ಉದುರಿದ ತೇಗದ ಎಲೆ, ಒಣಗಿದ ಕರಡ, ಪೊದೆಗಳನ್ನು ಸುಡುತ್ತ ಅದು ಮುಂದೆ ಸಾಗುತ್ತದೆ. ದೊಡ್ಡ ಮರದ ನೆತ್ತಿಗೆ ಏರುವುದು ಅಪರೂಪ. ಹೀಗಾಗಿ ಕರಿಯ ನೆಲದ ಕೆಳಗೆ ಬೇರುಗಳು ಹೆಚ್ಚಿನ ಕಡೆ ಜೀವಂತವಾಗಿಯೇ ಇರುತ್ತವೆ. ಬೆಂಕಿಯಿಂದ ನಿಜವಾಗಿ ಹೋಗಿರುವುದು ಮಳೆ ಹನಿಯ ಪೆಟ್ಟನ್ನು ತಾನು ತಿಂದು ಮಣ್ಣನ್ನು ಕಾಯುತ್ತಿದ್ದ ತರಗೆಲೆಯ ಹೊದಿಕೆ. ಅದಿಲ್ಲದ ಇಳಿಜಾರಿನ ಮೇಲೆ ಮೃಗಶಿರ ಮಳೆಯ ಒಂದು ಜೋರು ಹೊಡೆತ ಬಿದ್ದರೆ, ಬೂದಿಯೂ ಅದರೊಂದಿಗೆ ಮೇಲ್ಮಣ್ಣೂ ಕೊಚ್ಚಿಹೋಗಿ ಹಳ್ಳ ಸೇರುತ್ತವೆ. ಚಿಂಚೋಳಿಯ ಕಾಡಿನ ಹಳ್ಳಗಳಲ್ಲಿ ಹಲವು ಚಂದ್ರಂಪಳ್ಳಿ ಜಲಾಶಯದ ಕಡೆಗೆ ಹರಿಯುವುದರಿಂದ, ಅಲ್ಲಿ ಕಳೆದುಹೋದ ಮಣ್ಣು ಇಲ್ಲಿ ಹೂಳಾಗಿ ಕೂರುತ್ತದೆ. ಬೂದಿಯಲ್ಲಿ ಸುಣ್ಣ, ಪೊಟ್ಯಾಶ್, ರಂಜಕದ ಅಂಶಗಳಿರುತ್ತವೆ. ಅದು ನೆಲದಲ್ಲೇ ಇಂಗಿದರೆ ಮುಂದಿನ ಚಿಗುರಿಗೆ ಗೊಬ್ಬರ.

ಇನ್ನೊಂದು ಸಂಗತಿಯನ್ನು ಮಕ್ಕಳೇ ಪರೀಕ್ಷಿಸಿ ನೋಡಬಹುದು. ಎಲೆ ಕಡ್ಡಿಗಳಲ್ಲಿರುವ ಮೇಣದಂಥ ವಸ್ತುಗಳು ಬೆಂಕಿಯ ಕಾವಿಗೆ ಆವಿಯಾಗಿ ಮಣ್ಣೊಳಗಿಳಿದು, ತಣ್ಣಗಿರುವ ಪದರದಲ್ಲಿ ಮಣ್ಣಿನ ಕಣಗಳಿಗೆ ಲೇಪದಂತೆ ಅಂಟಿಕೊಳ್ಳುತ್ತವೆ. ಅಂಥ ಮಣ್ಣು ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬೂದಿಯನ್ನು ಕೈಯಿಂದ ಸರಿಸಿ ನಾಲ್ಕಾರು ಹನಿ ನೀರು ಬಿಡಿ. ಕೂಡಲೇ ಇಂಗಿದರೆ ಚಿಂತೆಯಿಲ್ಲ. 5 ಸೆಕೆಂಡು ಕಳೆದರೂ ಹನಿ ಗುಂಡಗೆ ನಿಂತಿದ್ದರೆ ಆ ಜಾಗವನ್ನು ಗುರುತಿಸಿಕೊಳ್ಳಿ. ಒಂದೆರಡು ಸೆಂಟಿಮೀಟರ್ ಕೆರೆದು ಅಲ್ಲಿಯೂ ಹನಿ ಬಿಟ್ಟು ನೋಡಬೇಕು, ಏಕೆಂದರೆ ಆ ಪದರ ಎಷ್ಟೋ ಸಲ ಮೇಲ್ಮೈಯಲ್ಲಿರದೆ ತುಸು ಕೆಳಗಿರುತ್ತದೆ. ನೆಲಬೆಂಕಿಯಲ್ಲಿ ಇದು ಎಲ್ಲ ಕಡೆಯೂ ಕಾಣುವುದಿಲ್ಲ. ಬಿದ್ದ ದಿಮ್ಮಿ ಬಹಳ ಹೊತ್ತು ಉರಿದ ಜಾಗಗಳಲ್ಲಿ, ದಟ್ಟ ಪೊದೆ ಸುಟ್ಟ ಕಡೆಗಳಲ್ಲಿ ಸಿಗುವ ಸಂಭವ ಹೆಚ್ಚು. ನೀರು ಇಂಗದ ಜಾಗ ಕಾಲುದಾರಿಯ ಮೇಲ್ಬದಿಯಲ್ಲಿದ್ದರೆ ದುರಸ್ತಿಯನ್ನು ಅಲ್ಲಿಂದಲೇ ಆರಂಭಿಸಬೇಕು.

ಆ ಇಳಿಜಾರಿನಲ್ಲಿ ಬಿದ್ದಿರುವ ಕೊಂಬೆಗಳನ್ನು ಸಮಪಾತಳಿಯ ಗೆರೆಗೆ, ಅಂದರೆ ಒಂದೇ ಎತ್ತರದಲ್ಲಿ ಸಾಗುವ ಗೆರೆಗೆ ಸರಿಯಾಗಿ, ಗುಡ್ಡಕ್ಕೆ ಅಡ್ಡಲಾಗಿ ಮಲಗಿಸಿ, ಕೆಳಗಡೆ ಗೂಟ ಅಥವಾ ಕಲ್ಲು ಕೊಟ್ಟು ನಿಲ್ಲಿಸಬೇಕು. ಕೊಂಬೆಯ ಅಡಿ ಉದ್ದಕ್ಕೂ ಮಣ್ಣಿಗೆ ತಾಗಿರಬೇಕಾದದ್ದು ಮುಖ್ಯ. ಸಂದು ಉಳಿದರೆ ನೀರು ಅದೇ ಸಂದಿನಲ್ಲಿ ನುಗ್ಗಿ ಮೊದಲಿಗಿಂತ ಆಳವಾಗಿ ಕೊರೆಯುತ್ತದೆ. ಸಮಪಾತಳಿ ಗುರುತಿಸಲು ದುಬಾರಿ ಉಪಕರಣ ಬೇಕಿಲ್ಲ. ಮೂರು ಕೋಲುಗಳನ್ನು ‘ಎ’ ಆಕಾರದಲ್ಲಿ ಕಟ್ಟಿ, ತುದಿಯಿಂದ ದಾರದಲ್ಲಿ ಕಲ್ಲು ಇಳಿಬಿಟ್ಟು, ಆ ದಾರ ಅಡ್ಡಕೋಲಿನ ನಡುಗುರುತಿಗೆ ಬರುವಂತೆ ಹೆಜ್ಜೆ ಹೆಜ್ಜೆಯಾಗಿ ಸಾಗಿದರೆ ಸಾಕು. ಜಲಾನಯನ ಕೆಲಸ ಮಾಡಿದ ರೈತರಲ್ಲಿ ಅನೇಕರು ಇದನ್ನು ಬಲ್ಲರು. ಇಲಾಖೆ ಒಪ್ಪಿದರೆ ಜೋಳದ ಕಣಿಕೆ, ತೊಗರಿ ಕಟ್ಟಿಗೆಗಳನ್ನು ತೆಳ್ಳಗೆ ಹಾಸಬಹುದು. ಆದರೆ ಕಾಂಗ್ರೆಸ್ ಕಸ ಬೆಳೆದ ಹೊಲದ್ದನ್ನು ಮಾತ್ರ ತರಬೇಡಿ. ಬರಿದಾದ ನೆಲದಲ್ಲಿ ಆ ಬೀಜ ಬಿದ್ದರೆ ಹುಲ್ಲು ಏಳುವ ಮೊದಲೇ ಅದು ಆವರಿಸಿಕೊಳ್ಳುತ್ತದೆ.

ಈಗ ದಾರಿಗೆ ಬರೋಣ. ಕಾಲುದಾರಿಯ ಶತ್ರು ಅದರ ಉದ್ದಕ್ಕೂ ಹರಿಯುವ ನೀರು. ನೀರು ದಾರಿಯನ್ನು ಅಡ್ಡ ದಾಟಿ ಹೋಗಬೇಕೇ ಹೊರತು ದಾರಿಯನ್ನೇ ಕಾಲುವೆ ಮಾಡಿಕೊಳ್ಳಬಾರದು. ದಾರಿಯ ಹೊರ ಅಂಚು ಒಳ ಅಂಚಿಗಿಂತ ಸ್ವಲ್ಪ ತಗ್ಗಿರಲಿ. ಒಂದು ಮೀಟರ್ ಅಗಲದ ದಾರಿಗೆ 5 ಸೆಂಟಿಮೀಟರ್ ಓರೆ ಸಾಕು. ವರ್ಷಗಳ ತುಳಿತದಿಂದ ಹೊರ ಅಂಚಿನಲ್ಲಿ ಏರಿ ನಿಂತಿರುವ ಮಣ್ಣಿನ ದಿಂಡನ್ನು ಸಲಿಕೆಯಿಂದ ಕೆರೆದು ತೆಗೆಯಿರಿ. ಹೀಗೆ ಮಾಡಿದರೆ ಅರ್ಧ ತೊಂದರೆ ನೀಗುತ್ತದೆ. ಏರು ಹೆಚ್ಚಿರುವಲ್ಲಿ ಚಪ್ಪಟೆ ಕಲ್ಲುಗಳನ್ನು ದಾರಿಗೆ ಅಡ್ಡಲಾಗಿ, ನೇರವಾಗಿರದೆ 45ರಿಂದ 60 ಡಿಗ್ರಿಯ ಓರೆಯಲ್ಲಿ, ಮೂರರಲ್ಲಿ ಎರಡು ಭಾಗ ನೆಲದೊಳಗೆ ಹೂತು ನಿಲ್ಲಿಸಬೇಕು. ಈ ಸಾಲು ದಾರಿಯ ಹೊರ ಅಂಚನ್ನು ದಾಟಿ ಒಂದಡಿಯಾದರೂ ಮುಂದೆ ಹೋಗಿರಬೇಕು ಮತ್ತು ನೀರು ಧುಮುಕುವ ಜಾಗದಲ್ಲಿ ಕೈಗಾತ್ರದ ಕಲ್ಲುಗಳನ್ನು ಹರಡಿರಬೇಕು. ದಾರಿ ಕಡಿದಾದಷ್ಟೂ ಈ ಸಾಲುಗಳು ಹತ್ತಿರ ಹತ್ತಿರ ಬರುತ್ತವೆ. ಸುಟ್ಟ ಗುಡ್ಡದಲ್ಲಿ ಮಾಮೂಲಿಗಿಂತ ಹತ್ತಿರ ಇಡುವುದೇ ಕ್ಷೇಮ. ಪ್ರತಿ ದೊಡ್ಡ ಮಳೆಯ ನಂತರ ಯಾರಾದರೂ ಹೋಗಿ ಅವುಗಳ ಹಿಂದೆ ಕೂತ ಹೂಳನ್ನು ತೆಗೆಯದಿದ್ದರೆ ಎಲ್ಲ ಶ್ರಮವೂ ಒಂದೇ ಮಳೆಗಾಲಕ್ಕೆ ಮುಗಿಯುತ್ತದೆ. ಊರಿನವರೊಬ್ಬರಿಗೆ ಈ ಹೊಣೆ ಒಪ್ಪಿಸಿ, ಅವರ ಕೂಲಿಯ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ.

ಬೆಂಕಿಯ ನಂತರ ಮಾತ್ರ ಎದುರಾಗುವ ಒಂದು ತೊಡಕಿದೆ. ಪೊದೆಗಳಿದ್ದಾಗ ಜನ ದಾರಿ ಬಿಟ್ಟು ಅಡ್ಡ ಇಳಿಯುತ್ತಿರಲಿಲ್ಲ. ಪೊದೆ ಸುಟ್ಟ ಮೇಲೆ ಗುಡ್ಡದ ಮೈಯೆಲ್ಲ ದಾರಿಯಂತೆಯೇ ಕಾಣುತ್ತದೆ. ತಿರುವುಗಳಲ್ಲಿ ನೇರ ಇಳಿದ ಹತ್ತು ಜೊತೆ ಕಾಲುಗಳ ಗುರುತೇ ಮಳೆಗಾಲದಲ್ಲಿ ಕೊರಕಲಾಗುತ್ತದೆ. ಪ್ರತಿ ತಿರುವಿನಲ್ಲಿಯೂ ಕಾರೆ, ಜಾಲಿಯ ಒಣ ಮುಳ್ಳುಕೊಂಬೆಗಳನ್ನು ಒಡ್ಡಿ ಅಡ್ಡದಾರಿ ಮುಚ್ಚಿ. ಈಗಾಗಲೇ ಕೊರಕಲು ಬಿದ್ದಿದ್ದರೆ ಮೇಲ್ತುದಿಯಿಂದ ಆರಂಭಿಸಿ ಕೆಳಗೆ ಬರುತ್ತ, ಮೊಣಕಾಲೆತ್ತರ ಮೀರದ ಕಲ್ಲು ಒಡ್ಡುಗಳನ್ನು, ನಡುಭಾಗ ಎರಡೂ ತುದಿಗಿಂತ ತಗ್ಗಿರುವಂತೆ ಕಟ್ಟಬೇಕು.

ಇನ್ನು ಬೀಜದುಂಡೆ. ಇಳಿಜಾರಿನ ಬೂದಿಯ ಮೇಲೆ ಎಸೆದ ಉಂಡೆ ಮೊದಲ ಮಳೆಗೇ ಉರುಳಿ ಹಳ್ಳ ಸೇರುತ್ತದೆ. ನಿಂತದ್ದನ್ನು ಇಲಿ, ಇರುವೆಗಳು ಹುಡುಕಿ ತಿನ್ನುತ್ತವೆ. ಮೊಳೆತದ್ದು ಜುಲೈ ನಡುವಿನ ಮಳೆ ಬಿಡುವಿನಲ್ಲಿ ಒಣಗುತ್ತದೆ. ಸುಲಭವಾಗಿ ಸಿಗುತ್ತವೆಂದು ಸುಬಾಬುಲ್, ಗ್ಲಿರಿಸಿಡಿಯಾ ಬೀಜಗಳನ್ನು ಉಂಡೆ ಕಟ್ಟುವ ರೂಢಿಯಿದೆ. ಅವು ಬದುಕಿದರೆ ಇನ್ನೂ ಕೆಡುಕು, ಏಕೆಂದರೆ ಹೊರಗಿನ ಜಾತಿಗಳಿಗೆ ವನ್ಯಜೀವಿಧಾಮದಲ್ಲಿ ಜಾಗವಿಲ್ಲ. ಸಸಿಗೂ ಅವಸರ ಬೇಡ. ತೇಗದ ಬೇರು ಸುಟ್ಟ ಮೋಟಿನಿಂದ ಚಿಗುರುತ್ತದೆ. ಮುತ್ತುಗ ಮತ್ತು ಬೀಡಿ ಎಲೆಯ ತೂಬರೆ ಬೇರುಗಳಿಂದಲೇ ಹೊಸ ಕುಡಿಗಳನ್ನು ಎಬ್ಬಿಸುತ್ತವೆ. ನಾವು ಗುಂಡಿ ತೋಡುವಾಗ ಕಡಿದುಹಾಕುವ ಬೇರುಗಳಲ್ಲಿ ಮುಂದಿನ ಕಾಡು ಇರುತ್ತದೆ. ಮೊದಲ ಮಳೆಗಾಲದಲ್ಲಿ ದನಕರು ಬಾಯಿ ಹಾಕದಂತೆ ಕಾಯ್ದು, ಯಾವ ಜಾಗದಲ್ಲಿ ಏನೂ ಚಿಗುರಲಿಲ್ಲವೆಂದು ಅಕ್ಟೋಬರ್‌ನಲ್ಲಿ ಗುರುತಿಸಿ, ಆ ಖಾಲಿ ಜಾಗಗಳಿಗೆ ಮಾತ್ರ ಅದೇ ಕಾಡಿನ ಬೀಜದಿಂದ ಬೆಳೆಸಿದ ಸಸಿಗಳನ್ನು ಮರುವರ್ಷ ನೆಡಿ. ಇದಕ್ಕೊಂದು ಅಪವಾದ ಶ್ರೀಗಂಧ. ತೆಳು ತೊಗಟೆಯ ಈ ಮರಕ್ಕೆ, ಅದರಲ್ಲೂ ಎಳೆಯ ಗಿಡಗಳಿಗೆ, ನೆಲಬೆಂಕಿಯೂ ಮಾರಕ. ಬೇರೆ ಗಿಡಗಳ ಬೇರಿನಿಂದ ಆಹಾರ ಪಡೆಯುವ ಅದಕ್ಕೆ ಸುತ್ತಲಿನ ಪೊದೆಗಳು ಎದ್ದ ಮೇಲೆಯೇ ಬಾಳು. ಹಣ್ಣು ತಿಂದು ಬೀಜ ಹರಡುವ ಕೋಗಿಲೆ, ಬುಲ್‌ಬುಲ್‌ಗಳು ಮರಳಿ ಬರುವುದೂ ಆ ಪೊದೆಗಳಿಗೇ.

ಮಕ್ಕಳಿಗೆ ಕೆಲಸವಿಲ್ಲವೆಂದು ತಿಳಿಯಬೇಡಿ. ಹನಿ ನೀರಿನ ಪರೀಕ್ಷೆ, ಮೋಟುಗಳಿಗೆ ಬಣ್ಣದ ದಾರ ಕಟ್ಟಿ ಚಿಗುರು ಎಣಿಸುವುದು, ಗುರುತಿಟ್ಟ ಕಲ್ಲಿನ ಮೇಲೆ ನಿಂತು ಪ್ರತಿ ತಿಂಗಳು ಒಂದೇ ದಿಕ್ಕಿಗೆ ಫೋಟೋ ತೆಗೆಯುವುದು ಅವರಿಗೆ ತಕ್ಕದ್ದು. ಎರಡು ಮಳೆಗಾಲ ಹೀಗೆ ದಾಖಲಿಸಿದರೆ ಅದು ಅರಣ್ಯ ಇಲಾಖೆಗೂ ಬೇಕಾಗುವ ಮಾಹಿತಿಯಾಗುತ್ತದೆ.

ಶಹಾಪುರದ ಚಾರಣಾಸಕ್ತ ಯುವಕರ ಪ್ರಶ್ನೆ: ಯಾದಗಿರಿ ಜಿಲ್ಲೆಯ ನಮ್ಮ ಬಂಡೆಗುಡ್ಡಗಳಲ್ಲಿ ಹುಲ್ಲು, ಕುರುಚಲು ಸುಟ್ಟಿದೆ. ಬೆಂಕಿ ಆರಿ ವಾರಗಳಾಗಿವೆ. ಬಂಡೆ ಸುಡುವುದಿಲ್ಲವಲ್ಲ, ಈಗ ಹತ್ತಬಹುದೇ?

ಉತ್ತರ: ಮೊದಲ ನಾಲ್ಕೈದು ದೊಡ್ಡ ಮಳೆಗಳಾಗುವವರೆಗೆ ಹತ್ತಬೇಡಿ ಎನ್ನುತ್ತೇನೆ.

ಬಂಡೆ ಉರಿಯುವುದಿಲ್ಲ ನಿಜ, ಆದರೆ ಬೆಂಕಿಗೆ ಸಿಡಿಯುತ್ತದೆ. ಕಾವು ತಾಗಿದ ಗ್ರಾನೈಟಿನ ಹೊರಮೈ ಹಿಗ್ಗಿ, ಒಳಗಿನ ತಣ್ಣಗಿನ ಭಾಗದಿಂದ ಬಿಟ್ಟುಕೊಂಡು ಪದರ ಪದರವಾಗಿ ಏಳುತ್ತದೆ. ಕೈಯಿಟ್ಟು ಮೇಲೇರುವ ಅಂಚು ನೋಡಲು ಗಟ್ಟಿಯಾಗಿದ್ದರೂ ಭಾರ ಬಿದ್ದಾಗ ಹಪ್ಪಳದಂತೆ ಕಿತ್ತು ಬರಬಹುದು. ಅಂಚನ್ನು ಕೋಲಿನಿಂದ ಬಡಿದು ನೋಡಿ, ಟೊಳ್ಳು ಸದ್ದು ಬಂದರೆ ಮುಟ್ಟಬೇಡಿ. ಎರಡನೆಯದಾಗಿ, ದೊಡ್ಡ ಗುಂಡುಗಳನ್ನು ಹಿಡಿದು ನಿಲ್ಲಿಸಿದ್ದ ಹುಲ್ಲಿನ ಬೇರು, ಕುರುಚಲು, ಸಂದಿನ ಮಣ್ಣು ಸಡಿಲಾಗಿರುತ್ತವೆ. ಮಳೆ ಆ ಮಣ್ಣನ್ನು ತೊಳೆದಾಗ ಸಡಿಲ ಕಲ್ಲುಗಳು ಉರುಳುತ್ತವೆ. ಆ ಹೊತ್ತಿಗೆ ಕೆಳಗಿನ ದಾರಿಯಲ್ಲಿ ಯಾರೂ ಇರಬಾರದು.

ಮೂರನೆಯ ಅಪಾಯ ಕಣ್ಣಿಗೆ ಬೀಳುವುದೇ ಇಲ್ಲ. ಒಣ ಮರದ ಮೋಟಿಗೆ ಹೊತ್ತಿದ ಕಿಡಿ ಬೇರಿನ ಗುಂಟ ನೆಲದೊಳಗೆ ದಿನಗಟ್ಟಲೆ ನಿಧಾನವಾಗಿ ಉರಿಯುತ್ತ ಹೋಗಿ, ಬೇರಿದ್ದ ಜಾಗದಲ್ಲಿ ಬೂದಿ ತುಂಬಿದ ಪೊಳ್ಳು ಉಳಿಯುತ್ತದೆ. ಮೇಲೆ ಮಣ್ಣಿನ ತೆಳು ಪದರ ಮಾತ್ರ ಇರುವುದರಿಂದ ಕಾಲಿಟ್ಟರೆ ಮೊಣಕಾಲವರೆಗೂ ಕುಸಿಯಬಹುದು. ಬೆಂಕಿ ಆರಿದ ಹೊಸತರಲ್ಲಿ ಅದರೊಳಗೆ ಕೆಂಡವೂ ಇರಬಹುದು. ನಿಂತ ಮರಗಳಲ್ಲಿಯೂ ಬುಡ ಸುಟ್ಟು ಪೊಟರೆಯಾದವು ಗಾಳಿಯಿಲ್ಲದಾಗಲೂ ಬೀಳುತ್ತವೆ. ಅಂಥವುಗಳ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಬೇಡಿ.

ಸುಟ್ಟ ಗುಡ್ಡಕ್ಕಿಂತ ಸುಡಬಹುದಾದ ಗುಡ್ಡ ಹೆಚ್ಚು ಅಪಾಯಕಾರಿ ಎಂಬುದನ್ನು ಚಾರಣ ಮಾಡುವವರೆಲ್ಲ ನೆನಪಿನಲ್ಲಿಡಬೇಕು. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಚಾರಣಿಗರು ಪ್ರಾಣ ಕಳೆದುಕೊಂಡರು. ಬೆಂಕಿ ಏರು ಹತ್ತುವಾಗ ತನ್ನ ಮುಂದಿನ ಹುಲ್ಲನ್ನು ತಾನೇ ಕಾಯಿಸಿ ಒಣಗಿಸಿಕೊಳ್ಳುವುದರಿಂದ, ಸಮನೆಲದಲ್ಲಿ ಸಾಗುವುದಕ್ಕಿಂತ ಬಹಳ ವೇಗವಾಗಿ ಏರುತ್ತದೆ. ಮನುಷ್ಯರ ಓಟ ಅದಕ್ಕೆ ಸಾಟಿಯಲ್ಲ. ಫೆಬ್ರುವರಿಯಿಂದ ಮೊದಲ ಮಳೆಯವರೆಗೆ ಒಣ ಹುಲ್ಲಿನ ಗುಡ್ಡಗಳ ಚಾರಣವನ್ನೇ ನಿಲ್ಲಿಸುವುದು ವಿವೇಕ. ಗುಂಪಿನಲ್ಲಿ ಯಾರ ಬಳಿಯೂ ಬೀಡಿ, ಸಿಗರೇಟು, ಕಡ್ಡಿಪೆಟ್ಟಿಗೆ ಇರದಂತೆ ಹೊರಡುವ ಮೊದಲೇ ನೋಡಿಕೊಳ್ಳಿ.

ಮಳೆಗಳಾದ ಮೇಲೆ ಮೊದಲು ಇಬ್ಬರು ಮೂವರು ಅನುಭವಿಗಳು ಹೋಗಿ, ಅಳಿಸಿದ ಗುರುತುಗಳನ್ನು ನೋಡಿ ಬರಲಿ. ಬಂಡೆಗೆ ಬಣ್ಣ ಬಳಿಯುವ ಬದಲು ಸಣ್ಣ ಕಲ್ಲುಗಳನ್ನು ಒಂದರ ಮೇಲೊಂದಿಟ್ಟು ದಾರಿ ತೋರಿಸಿದರೆ ಸಾಕು. ಈ ಗುಡ್ಡಗಳಲ್ಲಿ ಹಲವು ಕಡೆ ಹಳೆಯ ಕೋಟೆಯ ಅವಶೇಷಗಳೂ ಇರುವುದರಿಂದ ಆ ಕಲ್ಲುಗಳನ್ನು ಮಾತ್ರ ಮುಟ್ಟಬಾರದು.

ಬೀದರಿನ ನಿವೃತ್ತ ಉದ್ಯೋಗಿಯೊಬ್ಬರ ಪ್ರಶ್ನೆ: ನಮ್ಮ ಊರಿನ ಹೊರಗಿನ ಹುಲ್ಲುಗಾವಲಿಗೆ ಬೆಂಕಿ ಬಿದ್ದು ಬೆಳಗಿನ ನಡಿಗೆಯ ದಾರಿಯೆಲ್ಲ ಕರಿಯಾಗಿದೆ. ಸುಟ್ಟರೆ ಹುಲ್ಲು ಚೆನ್ನಾಗಿ ಬರುತ್ತದೆಂದು ಕೆಲವರು ಹೇಳುತ್ತಾರೆ. ಖಾಲಿ ಜಾಗವೆಂದು ಅಲ್ಲಿ ಸಾವಿರ ಸಸಿ ನೆಡಲು ನಮ್ಮ ಬಡಾವಣೆಯವರು ಹಣ ಕೂಡಿಸುತ್ತಿದ್ದಾರೆ. ತಮ್ಮ ಅಭಿಪ್ರಾಯವೇನು?

ಉತ್ತರ: ಆ ಹಣವನ್ನು ಕಾವಲಿಗೆ ಬಳಸಿ ಎಂದು ಬಡಾವಣೆಯವರನ್ನು ದಯವಿಟ್ಟು ಒಪ್ಪಿಸಿ. ಹುಲ್ಲುಗಾವಲು ಖಾಲಿ ಜಾಗವಲ್ಲ. ಬೀದರ್ ಸುತ್ತಲಿನ ಕೃಷ್ಣಮೃಗಗಳು ಬಯಲಿನ ಪ್ರಾಣಿಗಳು. ದೂರದವರೆಗೆ ಕಣ್ಣು ಹಾಯುವ, ಓಡಲು ತೆರವಿರುವ ಜಾಗದಲ್ಲಿ ಮಾತ್ರ ಅವು ನಿಶ್ಚಿಂತೆಯಿಂದ ಮೇಯುತ್ತವೆ. ಅಲ್ಲಿ ಸಾಲಾಗಿ ಮರ ಬೆಳೆಸಿದರೆ ಕೃಷ್ಣಮೃಗಗಳು ಹೊಲಗಳಿಗೆ ಸರಿಯುತ್ತವೆ, ಆಗ ರೈತರಿಗೂ ಅವುಗಳಿಗೂ ಜಗಳ ಶುರುವಾಗುತ್ತದೆ. ಕಂದಾಯ ದಾಖಲೆಗಳಲ್ಲಿ ಇಂಥ ನೆಲವನ್ನು ಪಾಳು ಎಂದು ಬರೆದಿರುವುದು ಈ ತಪ್ಪು ತಿಳಿವಳಿಕೆಗೆ ದೊಡ್ಡ ಕಾರಣ, ಮತ್ತು ಅದರ ಹೆಸರಿನಲ್ಲಿ ನಮ್ಮ ಭಾಗ ಎಷ್ಟು ಹುಲ್ಲುಗಾವಲು ಕಳೆದುಕೊಂಡಿದೆ ಎಂಬುದು ನನಗೆ ಬಹಳ ನೋವಿನ ವಿಷಯ.

ಸುಟ್ಟರೆ ಹುಲ್ಲು ಚೆನ್ನಾಗಿ ಬರುತ್ತದೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಒಣ ಕರಡ ಸುಟ್ಟ ಜಾಗದಲ್ಲಿ ಮಳೆ ಬಿದ್ದ ಕೂಡಲೇ ಎಳೆ ಹುಲ್ಲು ಏಳುತ್ತದೆ, ಕುರಿಗಾಹಿಗಳಿಗೆ ಅದು ಬೇಕು, ಕೃಷ್ಣಮೃಗಗಳೂ ಅದನ್ನು ಹುಡುಕಿ ಬರುತ್ತವೆ. ಬಹುವಾರ್ಷಿಕ ಹುಲ್ಲುಗಳ ಬುಡ ನೆಲದೊಳಗೆ ಸುರಕ್ಷಿತವಾಗಿರುತ್ತದೆ. ನಡೆಯುವಾಗ ಪಂಚೆಗೂ ಪ್ಯಾಂಟಿಗೂ ಚುಚ್ಚಿಕೊಳ್ಳುವ ಉದ್ದ ಬಾಲದ ಹುಲ್ಲುಬೀಜವನ್ನು ಒಮ್ಮೆ ಅಂಗೈಯಲ್ಲಿಟ್ಟು ಒಂದು ಹನಿ ನೀರು ಹಾಕಿ ನೋಡಿ: ಬಾಲ ತಿರುಚಿಕೊಳ್ಳುತ್ತ, ಬಿಚ್ಚಿಕೊಳ್ಳುತ್ತ ಅಲುಗಾಡತೊಡಗುತ್ತದೆ. ಇಬ್ಬನಿಗೂ ಬಿಸಿಲಿಗೂ ಹೀಗೆ ತಿರುಗುತ್ತಲೇ ಆ ಬೀಜ ತನ್ನನ್ನು ತಾನು ನೆಲದೊಳಗೆ ಕೊರೆದುಕೊಂಡು ಹೋಗಿ, ಮೇಲೆ ಹಾಯುವ ಬೆಂಕಿಯಿಂದ ಪಾರಾಗುತ್ತದೆ. ಒಂದು ಸಲದ ಬೆಂಕಿಯನ್ನು ತಾಳಿಕೊಳ್ಳುವ ಸಿದ್ಧತೆ ಹುಲ್ಲಿಗೆ ಇದೆ.

ವರ್ಷವೂ ಸುಟ್ಟರೆ ಮಾತು ಬೇರೆ. ಪ್ರತಿ ಬೆಂಕಿಯಲ್ಲಿಯೂ ಸಾರಜನಕ ಹೊಗೆಯಾಗಿ ಹೋಗುತ್ತದೆ, ತರಗು ಮಣ್ಣಿಗೆ ಸೇರುವುದು ನಿಲ್ಲುತ್ತದೆ, ಬುಡಗಟ್ಟುವ ಹುಲ್ಲುಗಳು ಸೋತು ಒಂದೇ ಮಳೆಗಾಲದಲ್ಲಿ ಮುಗಿಯುವ ತೆಳು ಹುಲ್ಲುಗಳು ಉಳಿಯುತ್ತವೆ. ಮೇಲಾಗಿ ಮಾರ್ಚ್‌ನಿಂದ ಜೂನ್‌ವರೆಗೆ ಟಿಟ್ಟಿಭ, ಗೌಜಲ ಮುಂತಾದ ಹಕ್ಕಿಗಳು ನೆಲದಲ್ಲಿಯೇ ಮೊಟ್ಟೆಯಿಡುತ್ತವೆ. ಬೇಸಿಗೆಯ ಬೆಂಕಿಯಿಂದ ಅವುಗಳ ಇಡೀ ವರ್ಷದ ಸಂಸಾರ ಬೂದಿಯಾಗುತ್ತದೆ.

ಬೀದರ್ ಪ್ರಸ್ಥಭೂಮಿಯ ಕೆಂಪು ಜಂಬಿಟ್ಟಿಗೆಯ ವಿಚಾರವನ್ನೂ ಇಲ್ಲಿ ಹೇಳಬೇಕು. ರಂಧ್ರಗಳಿರುವ ಈ ಕಲ್ಲು ಮಳೆನೀರನ್ನು ಕೆಳಗಿಳಿಸುತ್ತದೆ. ಅದರಡಿಯ ಗಟ್ಟಿ ಕರಿಕಲ್ಲಿನ ಮೇಲೆ ಆ ನೀರು ಸೇರಿ ಹರಿಯುತ್ತದೆ. ಬಹಮನಿ ಕಾಲದ ನೌಬಾದ್ ಸುರಂಗ ಬಾವಿಗಳಿಗೆ ನೀರು ಒದಗಿದ್ದು ಈ ರಚನೆಯಿಂದಲೇ. ಮೇಲಿನ ಹುಲ್ಲು ನೀರನ್ನು ತಡೆದು ಇಂಗಿಸುವವರೆಗೆ ಮಾತ್ರ ಈ ವ್ಯವಸ್ಥೆ ಸರಿಯಾಗಿ ನಡೆಯುತ್ತದೆ.

ಆದ್ದರಿಂದ ಮಾಡಬೇಕಾದದ್ದು ಇಷ್ಟು: ಜೂನ್‌ನಿಂದ ಹುಲ್ಲು ಬೀಜ ಉದುರಿಸುವ ಅಕ್ಟೋಬರ್‌ವರೆಗೆ ಸುಟ್ಟ ಭಾಗಕ್ಕೆ ಕುರಿ ದನ ಬಿಡದಂತೆ ಕುರಿಗಾಹಿಗಳೊಂದಿಗೆ ಕೂತು ಮಾತಾಡಿ, ಬೇರೆ ಕಡೆ ಮೇಯಿಸಲು ಜಾಗ ಗೊತ್ತುಮಾಡಿ, ನಡಿಗೆಯ ದಾರಿಯನ್ನು ಒಂದಕ್ಕೇ ಸೀಮಿತಗೊಳಿಸಿ, ಬಳ್ಳಾರಿ ಜಾಲಿಯ ಸಸಿ ಎದ್ದರೆ ಎಳೆಯದಿರುವಾಗಲೇ ಬೇರು ಸಮೇತ ಕಿತ್ತುಹಾಕಿ. ಲಂಟಾನ ಪೊದೆಯಿದ್ದ ಕಡೆ ಅದು ಸುಟ್ಟ ಬುಡದಿಂದಲೇ ಮತ್ತೆ ಚಿಗುರುತ್ತದೆ. ನೆಲಮಟ್ಟಕ್ಕೆ ಕತ್ತರಿಸಿದರೆ ಪ್ರಯೋಜನವಿಲ್ಲ. ಮಣ್ಣಿನ ಮೇಲ್ಮೈಯಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಕಡಿದು, ಪೊದೆಯನ್ನು ತಲೆಕೆಳಗಾಗಿ ಇಡಬೇಕು. ಉತ್ತರಾಖಂಡದ ಕಾರ್ಬೆಟ್ ಹುಲಿಧಾಮದಲ್ಲಿ ಈ ಕ್ರಮದಿಂದ ಲಂಟಾನ ತೆಗೆದು ಹುಲ್ಲುಗಾವಲನ್ನು ಮರಳಿ ತಂದಿದ್ದಾರೆ. ಬೆಂಕಿಯಾದ ವರ್ಷವೇ ಈ ಕೆಲಸ ಸುಲಭ, ಏಕೆಂದರೆ ಪೊದೆಯ ಬುಡ ಕಣ್ಣಿಗೆ ಕಾಣುತ್ತದೆ.

ಆಳಂದದ ಓದುಗರೊಬ್ಬರ ಪ್ರಶ್ನೆ: ಸುಟ್ಟ ಮರಗಳು ಹೇಗೂ ಸತ್ತಿವೆ. ಅವುಗಳನ್ನು ಕಡಿದು ಮಾರಿ, ಬಂದ ಹಣವನ್ನು ಕಾಡಿನ ಪುನಶ್ಚೇತನಕ್ಕೆ ಬಳಸಬಾರದೇಕೆ?

ಉತ್ತರ: ಕರಿಯಾದ ಮರವೆಲ್ಲ ಸತ್ತ ಮರವಲ್ಲ. ತೊಗಟೆಯನ್ನು ಉಗುರಿನಿಂದಲೋ ಚಾಕುವಿನ ತುದಿಯಿಂದಲೋ ಸ್ವಲ್ಪ ಕೆರೆದಾಗ ಒಳಗೆ ಹಸಿರು, ತೇವ ಕಂಡರೆ ಮರ ಬದುಕಿದೆ. ಒಂದು ಬದಿ ಕಂದಾಗಿದ್ದರೂ ಇನ್ನೊಂದು ಬದಿ ಹಸಿರಿರಬಹುದಾದ್ದರಿಂದ ಸುತ್ತಲೂ ನೋಡಿ, ಎರಡು ಮಳೆಗಾಲ ಕಾಯಿರಿ. ನಿಜಕ್ಕೂ ಸತ್ತ ಮರಗಳ ಪೊಟರೆಗಳಲ್ಲಿ ಗೂಬೆ, ಮರಕುಟಿಗ, ಗಿಳಿಗಳು ಗೂಡು ಮಾಡುತ್ತವೆ, ಬಿದ್ದ ದಿಮ್ಮಿಗಳು ಮಣ್ಣನ್ನು ತಡೆಯುತ್ತವೆ. ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿಧಾಮಗಳಿಂದ ಸತ್ತ, ಒಣಗಿದ, ಗಾಳಿಗೆ ಬಿದ್ದ ಮರಗಳನ್ನು ತೆಗೆಯಬಾರದೆಂದು ಸುಪ್ರೀಂ ಕೋರ್ಟ್ 2000ರಲ್ಲಿಯೇ ಆದೇಶಿಸಿದೆ. ದಾರಿಯ ಮೇಲೆ ಬೀಳುವಂತಿರುವ ಮರವಿದ್ದರೆ ಇಲಾಖೆಗೆ ತಿಳಿಸಿ. ಅವರೇ ಉರುಳಿಸಿ ಅಲ್ಲಿಯೇ ಬಿಡುತ್ತಾರೆ.

ಕಾಡಂಚಿನ ತಾಂಡಾದ ಮಹಿಳೆಯೊಬ್ಬರ ಪ್ರಶ್ನೆ: ಬೆಂಕಿ ಬಿದ್ದಾಗಲೆಲ್ಲ ಬೀಡಿ ಎಲೆ, ಸೀತಾಫಲ ತರುವ ನಮ್ಮ ಮೇಲೆಯೇ ಅನುಮಾನ. ಉಪಗ್ರಹದಲ್ಲಿ ಎಲ್ಲ ಕಾಣುತ್ತದೆಂದು ಹೆದರಿಸುತ್ತಾರೆ. ಬೆಂಕಿ ಆರಿಸಲು ಓಡುವವರೂ ನಾವೇ. ನಾವೇನು ಮಾಡಬೇಕು?

ಉತ್ತರ: ತಾಯಿ, ತಮ್ಮ ನೋವು ನ್ಯಾಯವಾದದ್ದು. ಭಾರತೀಯ ಅರಣ್ಯ ಸಮೀಕ್ಷೆ ಸಂಸ್ಥೆ ಉಪಗ್ರಹಗಳಿಂದ ಬೆಂಕಿಯ ಎಚ್ಚರಿಕೆ ಕಳಿಸುವುದು ನಿಜ. ಆದರೆ ಅದಕ್ಕೆ ಬಳಸುವ ಉಪಕರಣಗಳಲ್ಲಿ ಸೂಕ್ಷ್ಮವಾದದ್ದೂ ನೆಲವನ್ನು 375 ಮೀಟರ್ ಅಳತೆಯ ಚೌಕಗಳಾಗಿ ನೋಡುತ್ತದೆ. ಆ ಚೌಕದಲ್ಲೆಲ್ಲೋ ಕಾವು ಇದೆಯೆಂದು ಅದು ಹೇಳಬಲ್ಲುದು, ಕಡ್ಡಿ ಗೀರಿದವರು ಯಾರೆಂದು ಹೇಳಲಾರದು. ಆದ್ದರಿಂದ ಉಪಗ್ರಹದ ಹೆಸರು ಹೇಳಿ ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ.

ಹಾಗೆಂದು ಬೆಂಕಿ ತಾನಾಗಿ ಹುಟ್ಟುವುದೂ ಇಲ್ಲ. ನಮ್ಮ ಒಣ ಕಾಡುಗಳಲ್ಲಿ ಹೆಚ್ಚಿನ ಬೆಂಕಿಗಳಿಗೆ ಮನುಷ್ಯರೇ ಕಾರಣ: ಹೊಸ ಎಲೆ, ಹೊಸ ಹುಲ್ಲು ಬರಲೆಂದು ಇಡುವವರಿದ್ದಾರೆ, ಜೇನಿಗೆ ಹೊಗೆ ಹಾಕಿ ಆರಿಸದೆ ಬರುವವರಿದ್ದಾರೆ, ಕಬ್ಬಿನ ರವದಿ, ತೊಗರಿ ಕೂಳೆ ಸುಡುವಾಗ ಗಾಳಿಗೆ ಕಾಡಂಚು ದಾಟಿಸುವ ಹೊಲದವರಿದ್ದಾರೆ, ಬೀಡಿ ಎಸೆದು ಹೋಗುವ ದಾರಿಹೋಕರಿದ್ದಾರೆ. ವನ್ಯಜೀವಿಧಾಮದಲ್ಲಿ ಬೆಂಕಿ ಹಚ್ಚುವುದನ್ನೂ ಉರಿಯುವ ಬೆಂಕಿಯನ್ನು ಬಿಟ್ಟು ಹೋಗುವುದನ್ನೂ ವನ್ಯಜೀವಿ ಕಾಯ್ದೆಯ 30ನೇ ಕಲಂ ನಿಷೇಧಿಸುತ್ತದೆ. ತಾಂಡಾದಲ್ಲಿ ಯಾರಾದರೂ ಎಲೆಗಾಗಿ ಬೆಂಕಿ ಇಡುವ ರೂಢಿ ಇಟ್ಟುಕೊಂಡಿದ್ದರೆ, ತೂಬರೆ ಗಿಡದ ಬುಡ ಸವರಿದರೂ ಹೊಸ ಎಲೆ ಬರುತ್ತದೆಂದು ತಿಳಿಸಿ ಹೇಳುವುದಕ್ಕೆ ತಮ್ಮಷ್ಟು ಅಧಿಕಾರ ಬೇರೆಯವರಿಗಿಲ್ಲ.

ಇನ್ನೊಂದು ದಾರಿಯೂ ಇದೆ. ಕರ್ನಾಟಕದಲ್ಲಿ 1993ರಿಂದ ಗ್ರಾಮ ಅರಣ್ಯ ಸಮಿತಿಗಳ ಮೂಲಕ ಊರಿನವರನ್ನು ಕಾಡಿನ ನಿರ್ವಹಣೆಯಲ್ಲಿ ಸೇರಿಸಿಕೊಳ್ಳುವ ವ್ಯವಸ್ಥೆ ಬಂದಿದೆ. ವನ್ಯಜೀವಿಧಾಮದ ಅಂಚಿನಲ್ಲಿ ಪರಿಸರ ಅಭಿವೃದ್ಧಿ ಸಮಿತಿಗಳಿರುತ್ತವೆ. ತಮ್ಮ ಊರಿನ ಸಮಿತಿಯ ಸಭೆಯಲ್ಲಿ ತಾಂಡಾದ ಹೆಣ್ಣುಮಕ್ಕಳು ಕೂತು ಎರಡು ಬೇಡಿಕೆಗಳನ್ನು ನಡಾವಳಿಯಲ್ಲಿ ಬರೆಸಬೇಕು. ಬೇಸಿಗೆಯ ಬೆಂಕಿ ಕಾವಲಿಗೆ, ಬೆಂಕಿ ರೇಖೆ (ಬೆಂಕಿ ದಾಟದಂತೆ ಒಣ ಹುಲ್ಲು, ತರಗು ತೆಗೆದ ಪಟ್ಟಿ) ಸವರುವ ಕೆಲಸಕ್ಕೆ ಹಾಗೂ ಮೇಲೆ ಹೇಳಿದ ಕಲ್ಲು ಒಡ್ಡು, ಕಾಲುದಾರಿ ದುರಸ್ತಿಯ ಕೆಲಸಕ್ಕೆ ತಾಂಡಾದವರನ್ನೇ ಕೂಲಿ ಕೊಟ್ಟು ತೆಗೆದುಕೊಳ್ಳಬೇಕೆಂಬುದು ಒಂದು. ಬೆಂಕಿ ಆರಿಸಲು ಬಂದವರ ಹೆಸರನ್ನು ಅದೇ ದಿನ ಬರೆದಿಡಬೇಕೆಂಬುದು ಇನ್ನೊಂದು. ಆ ಪಟ್ಟಿಯಿದ್ದರೆ ಮುಂದೆ ಅನುಮಾನ ಬಂದಾಗ ತೋರಿಸಲು ದಾಖಲೆಯಾಗುತ್ತದೆ. ಬೆಂಕಿ ರೇಖೆಯ ಕೆಲಸ ಫೆಬ್ರುವರಿಗೆ ಮುನ್ನ ಮುಗಿಯಬೇಕಾದ್ದರಿಂದ ಈ ಬೇಡಿಕೆ ದಸರಾ, ದೀಪಾವಳಿ ಹೊತ್ತಿಗೇ ಸಭೆಯ ಮುಂದೆ ಬರಲಿ. ಬೆಂಕಿ ಕಂಡಾಗ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಕರೆ ಮಾಡಿದ ಹೊತ್ತನ್ನು ಬರೆದಿಟ್ಟುಕೊಳ್ಳಿ. ಹಸಿ ಸೊಪ್ಪಿನ ಕೊಂಬೆಯಿಂದ ಬಡಿದು ಆರಿಸುವಾಗ ಯಾವಾಗಲೂ ಈಗಾಗಲೇ ಸುಟ್ಟ ಬದಿಯಲ್ಲಿ ನಿಲ್ಲಿ, ಬೆಂಕಿಗಿಂತ ಮೇಲಿನ ಏರಿನಲ್ಲಿ ಯಾರನ್ನೂ ನಿಲ್ಲಲು ಬಿಡಬೇಡಿ. ನೈಲಾನ್ ಸೀರೆ ಉಟ್ಟವರು, ಮಕ್ಕಳು ಹತ್ತಿರ ಹೋಗುವುದು ಬೇಡ.